ರಾತ್ರಿ ಸಂಚರಿಸುವ ಗೆಕ್ಕೊಗಳಿಗಾಗಿ ಮನೆಯಲ್ಲಿ ಕಟ್ಟಿದ ಛಾಯಾಗ್ರಹಣ ವೇದಿಕೆ

ಹಲ್ಲಿಗಳ ಬಳಗಕ್ಕೆ ಸೇರಿದ ಗೆಕ್ಕೊಗಳ ಚಿತ್ರದಲ್ಲಿ ನೋಡುವವರ ದೃಷ್ಟಿ ಮೊದಲು ನಿಲ್ಲುವುದು ಅವುಗಳ ಕಣ್ಣಿನ ಮೇಲೆ. ಆ ಕಣ್ಣು ಹೇಗೆ ಕಾಣುತ್ತದೆ ಎಂಬುದು ಚಿತ್ರ ತೆಗೆಯುವ ಹೊತ್ತಿನಲ್ಲಿ ಕೋಣೆಯೊಳಗೆ ಎಷ್ಟು ಬೆಳಕಿದೆ ಎಂಬುದನ್ನು ಅವಲಂಬಿಸಿದೆ. ಬೆಳಕು ಹೆಚ್ಚಿದ್ದರೆ ಪಾಪೆ ಲಂಬವಾದ ತೆಳು ಗೀರಾಗಿ ಮುಚ್ಚಿಕೊಳ್ಳುತ್ತದೆ, ಅದರ ಸುತ್ತಲಿನ ಬಣ್ಣದ ಪೊರೆಯೂ ಅದರೊಳಗಿನ ಸೂಕ್ಷ್ಮ ರಕ್ತನಾಳಗಳ ಜಾಲವೂ ಎದ್ದು ಕಾಣುತ್ತವೆ. ಬೆಳಕು ಕಡಿಮೆಯಿದ್ದರೆ ಪಾಪೆ ಅಗಲವಾಗಿ ತೆರೆದು ಕಣ್ಣಿನ ಬಹುಭಾಗ ಕಪ್ಪಾಗುತ್ತದೆ, ಮುಖಕ್ಕೆ ಇನ್ನೊಂದೇ ಭಾವ ಬರುತ್ತದೆ. ಎರಡೂ ಸುಂದರವೇ. ಆದರೆ ಎರಡನ್ನೂ ನಮಗೆ ಬೇಕೆಂದಾಗ ಪಡೆಯಬೇಕು, ಹಾಗೆ ಪಡೆಯುವಾಗ ಪ್ರಾಣಿಗೆ ತೊಂದರೆಯಾಗಬಾರದು. ಇಲ್ಲಿ ವಿವರಿಸುತ್ತಿರುವ ವೇದಿಕೆಯ ಅಳತೆ, ದೀಪದ ಸ್ಥಾನ ಮತ್ತು ಕೆಲಸದ ಹೊತ್ತು ಎಲ್ಲವನ್ನೂ ನಾನು ನಿರ್ಧರಿಸಿದ್ದು ಈ ಕಾರಣದಿಂದಲೇ.

ಇಂಗ್ಲೆಂಡಿನ ಲೆಸ್ಟರ್ ನಗರದ ನಮ್ಮ ಮನೆಯಲ್ಲಿ ಎರಡು ಜಾತಿಯ ಗೆಕ್ಕೊಗಳಿವೆ. ಮೊದಲನೆಯದು ಲೆಪರ್ಡ್ ಗೆಕ್ಕೊ. ಅಫ್ಘಾನಿಸ್ತಾನ, ಪಾಕಿಸ್ತಾನ ಮತ್ತು ವಾಯವ್ಯ ಭಾರತದ ಒಣ ಕಲ್ಲುನೆಲದಲ್ಲಿ ಬಾಳುವ ಈ ಪ್ರಾಣಿಗೆ ಎಡ್ವರ್ಡ್ ಬ್ಲೈತ್ 1854ರಲ್ಲಿ ವೈಜ್ಞಾನಿಕ ಹೆಸರು ಕೊಟ್ಟರು. ಬೆಳೆದದ್ದು ಸುಮಾರು 20ರಿಂದ 25 ಸೆಂಟಿಮೀಟರ್ ಉದ್ದವಿರುತ್ತದೆ. ಎರಡನೆಯದು ಕ್ರೆಸ್ಟೆಡ್ ಗೆಕ್ಕೊ. ಪೆಸಿಫಿಕ್ ಸಾಗರದ ನ್ಯೂ ಕ್ಯಾಲಿಡೋನಿಯಾ ದ್ವೀಪದ ಈ ಪ್ರಾಣಿಯನ್ನು 1866ರಲ್ಲಿ ವರ್ಣಿಸಲಾಯಿತು. ಆಮೇಲೆ ಬಹುಕಾಲ ಅಳಿದುಹೋಗಿದೆಯೆಂದೇ ನಂಬಲಾಗಿದ್ದ ಇದು 1994ರಲ್ಲಿ ಮತ್ತೆ ಕಾಣಿಸಿಕೊಂಡಿತು. ವೇದಿಕೆ ಕಟ್ಟುವವರಿಗೆ ಇವೆರಡರ ಎರಡು ವ್ಯತ್ಯಾಸಗಳು ಮುಖ್ಯ. ಲೆಪರ್ಡ್ ಗೆಕ್ಕೊಗೆ ಕಣ್ಣು ಮುಚ್ಚುವ ರೆಪ್ಪೆಗಳಿವೆ, ಆದರೆ ಬೆರಳುಗಳಲ್ಲಿ ಅಂಟುಪಟ್ಟಿಗಳಿಲ್ಲ. ಆದ್ದರಿಂದ ಅದು ನುಣುಪಾದ ಗೋಡೆ ಹತ್ತಲಾರದು. ಕ್ರೆಸ್ಟೆಡ್ ಗೆಕ್ಕೊಗೆ ಮುಚ್ಚುವ ರೆಪ್ಪೆಗಳಿಲ್ಲ, ಅದು ನಾಲಿಗೆಯಿಂದ ಕಣ್ಣು ಒರೆಸಿಕೊಳ್ಳುತ್ತದೆ. ಆದರೆ ಗಾಜನ್ನೂ ಸಲೀಸಾಗಿ ಏರುತ್ತದೆ, ಕೊಂಬೆಯಿಂದ ಕೊಂಬೆಗೆ ಜಿಗಿಯುತ್ತದೆ. ಹೀಗಾಗಿ ಒಂದಕ್ಕೆ ಅಡ್ಡಲಾದ ನೆಲ ಸಾಕು, ಇನ್ನೊಂದಕ್ಕೆ ಲಂಬವಾದ ರಂಗ ಬೇಕು. ದೀಪದ ಚೌಕಟ್ಟು ಮಾತ್ರ ಎರಡಕ್ಕೂ ಒಂದೇ.

ಪೆಟ್ಟಿಗೆ

ಅಡಿಭಾಗ 12 ಮಿಲಿಮೀಟರ್ ದಪ್ಪದ ಪ್ಲೈವುಡ್ ಹಲಗೆ, 60 ಸೆಂಟಿಮೀಟರ್ ಅಗಲ, 45 ಸೆಂಟಿಮೀಟರ್ ಆಳ. ಹಿಂದೆ ಮತ್ತು ಎರಡು ಬದಿಗಳಲ್ಲಿ 5 ಮಿಲಿಮೀಟರ್ ದಪ್ಪದ ಫೋಮ್ ಬೋರ್ಡಿನ ಗೋಡೆಗಳು, 45 ಸೆಂಟಿಮೀಟರ್ ಎತ್ತರ. ಮುಂಭಾಗ ತೆರೆದಿದೆ. ಗೋಡೆಗಳನ್ನು ಶಾಶ್ವತವಾಗಿ ಅಂಟಿಸದೆ, ಹಲಗೆಯ ಅಂಚಿಗೆ ಹೊಡೆದ ಜೋಡಿ ರೀಪರ್ ಪಟ್ಟಿಗಳ ನಡುವಿನ ಸಂದಿಯಲ್ಲಿ ನಿಲ್ಲುವಂತೆ ಮಾಡಿದ್ದೇನೆ. ಇದರಿಂದ ಬಿಳಿ ಗೋಡೆಯ ಜಾಗದಲ್ಲಿ ಕಪ್ಪು ಅಥವಾ ಬೂದು ಗೋಡೆಯನ್ನು ಕ್ಷಣದಲ್ಲಿ ಇಳಿಸಬಹುದು, ಕೆಲಸ ಮುಗಿದ ಮೇಲೆ ಎಲ್ಲವನ್ನೂ ಮಡಿಸಿ ಮಂಚದ ಕೆಳಗೆ ಇಡಬಹುದು. ಪ್ಲೈವುಡ್ಡಿನ ಅಂಚುಗಳನ್ನು ಮರಳು ಕಾಗದದಿಂದ ಚೆನ್ನಾಗಿ ಉಜ್ಜಬೇಕು, ಏಕೆಂದರೆ ಲೆಪರ್ಡ್ ಗೆಕ್ಕೊದ ಹೊಟ್ಟೆಯ ಚರ್ಮ ತೀರ ಮೃದು. ಬಣ್ಣ ಬಳಿದಿದ್ದರೆ ಅಥವಾ ಅಂಟು ಹಚ್ಚಿದ್ದರೆ ವಾಸನೆ ಸಂಪೂರ್ಣ ಹೋಗುವವರೆಗೆ ಪ್ರಾಣಿಯನ್ನು ಅದರ ಹತ್ತಿರಕ್ಕೂ ತರಬಾರದು.

ಇಪ್ಪತ್ತೈದು ಸೆಂಟಿಮೀಟರ್ ಮೀರದ ಪ್ರಾಣಿಗೆ ಇಷ್ಟು ದೊಡ್ಡ ಪೆಟ್ಟಿಗೆ ಏಕೆ ಎಂದು ಕೇಳಬಹುದು. ಹಿನ್ನೆಲೆಯ ಗೋಡೆ ಪ್ರಾಣಿಯಿಂದ ಕನಿಷ್ಠ 25 ಸೆಂಟಿಮೀಟರ್ ಹಿಂದೆ ಇದ್ದರೆ ಮಾತ್ರ ಅದರ ಮೇಲಿನ ಗೆರೆ, ಧೂಳು, ಮಡಿಕೆ ಯಾವುದೂ ಚಿತ್ರದಲ್ಲಿ ಮೂಡದೆ ಸಮನಾದ ಬಣ್ಣವಾಗಿ ಕರಗುತ್ತದೆ. ಪ್ರಾಣಿ ನಾಲ್ಕು ಹೆಜ್ಜೆ ನಡೆದರೂ ಅದು ವೇದಿಕೆಯೊಳಗೇ ಇರುತ್ತದೆ, ನಾವು ಪದೇ ಪದೇ ಕೈ ಹಾಕಿ ಸರಿಪಡಿಸಬೇಕಾದ ಪ್ರಸಂಗ ಬರುವುದಿಲ್ಲ. ಈ ಎರಡನೆಯ ಕಾರಣವನ್ನೇ ನಾನು ದೊಡ್ಡದೆಂದು ಎಣಿಸುತ್ತೇನೆ. ಕೈ ಹಾಕಿದಷ್ಟೂ ಗೆಕ್ಕೊ ಗಟ್ಟಿಯಾಗಿ ನೆಲಕ್ಕೆ ಅಂಟಿಕೊಂಡು ಕಣ್ಣು ಅರೆಮುಚ್ಚುತ್ತದೆ, ಆಮೇಲೆ ಯಾವ ದೀಪವೂ ಆ ಚಿತ್ರಕ್ಕೆ ಜೀವ ಕೊಡಲಾರದು.

ಬೆಚ್ಚನೆಯ ನೆಲ

ಇಲ್ಲಿ ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೆಲ್ಲ ಕತ್ತಲಾಗುತ್ತದೆ, ಕೋಣೆಯ ಉಷ್ಣತೆ 19 ಅಥವಾ 20 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಕ್ರೆಸ್ಟೆಡ್ ಗೆಕ್ಕೊಗೆ 22ರಿಂದ 26 ಡಿಗ್ರಿ ಹಿತ, ಅದಕ್ಕೆ ಕೋಣೆಯನ್ನು ಸ್ವಲ್ಪ ಬೆಚ್ಚಗೆ ಮಾಡಿಕೊಂಡರೆ ಸಾಕು. ಲೆಪರ್ಡ್ ಗೆಕ್ಕೊ ಹಾಗಲ್ಲ. ತನ್ನ ಗೂಡಿನ ಬಿಸಿ ಭಾಗದಲ್ಲಿ 31ರಿಂದ 33 ಡಿಗ್ರಿಯ ನೆಲಕ್ಕೆ ಹೊಟ್ಟೆಯೊತ್ತಿ ಮಲಗುವ ಪ್ರಾಣಿ ಅದು. ತಣ್ಣನೆಯ ಪ್ಲೈವುಡ್ಡಿನ ಮೇಲೆ ಬಿಟ್ಟರೆ ಬೇಗ ಜಡವಾಗುತ್ತದೆ, ತಲೆ ಎತ್ತುವುದಿಲ್ಲ.

ಇದಕ್ಕೆ ನಾನು ಮಾಡಿಕೊಂಡ ವ್ಯವಸ್ಥೆ ಸರಳವಾದದ್ದು. ಇಲ್ಲಿನ ಮನೆಗಳ ಚಾವಣಿಗೆ ಹೊದಿಸುವ ಸ್ಲೇಟ್ ಕಲ್ಲಿನ ಎರಡು ಚಪ್ಪಡಿಗಳನ್ನು ತಂದು, ಅಂಚು ಉಜ್ಜಿ, ತೊಳೆದು ಒಣಗಿಸಿದ್ದೇನೆ. ಉಷ್ಣತೆ ಮಿತಿ ಮೀರದಂತೆ ತಡೆಯುವ ಥರ್ಮೋಸ್ಟಾಟ್ ಜೋಡಿಸಿದ ಹೀಟ್ ಮ್ಯಾಟ್ (ವಿದ್ಯುತ್ತಿನಿಂದ ಬಿಸಿಯಾಗುವ ಹಾಸು) ಮೇಲೆ ಅವುಗಳನ್ನು ಮೊದಲೇ ಕಾಯಿಸಿ, ಮೇಲ್ಮೈ 32 ಡಿಗ್ರಿಗೆ ಬಂದಾಗ ಒಂದನ್ನು ವೇದಿಕೆಗೆ ತರುತ್ತೇನೆ. ವೇದಿಕೆಯೊಳಗೆ ವಿದ್ಯುತ್ ತಂತಿಯೇ ಬೇಕಾಗುವುದಿಲ್ಲ. ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ಆಗಾಗ ನೋಡುತ್ತ, 27 ಡಿಗ್ರಿಗೆ ಇಳಿದ ಕೂಡಲೇ ಕೆಲಸ ನಿಲ್ಲಿಸಬೇಕು ಅಥವಾ ಎರಡನೆಯ ಚಪ್ಪಡಿಯನ್ನು ತರಬೇಕು. ಸ್ಲೇಟಿನ ಕಡುಬೂದು ಬಣ್ಣದ ಮೇಲೆ ಲೆಪರ್ಡ್ ಗೆಕ್ಕೊದ ಹಳದಿ ಮೈಯೂ ಕಪ್ಪು ಚುಕ್ಕೆಗಳೂ ಬಹಳ ಚೆನ್ನಾಗಿ ಹೊಂದುತ್ತವೆ. ಕಲ್ಲುನೆಲದ ಪ್ರಾಣಿಗೆ ಕಲ್ಲೇ ತಕ್ಕ ಆಸನ ಎಂಬ ಸಮಾಧಾನವೂ ನನಗಿದೆ.

ಬೆಳಕಿನ ಚೌಕಟ್ಟು

ಇಡೀ ಯೋಜನೆಯಲ್ಲಿ ಹೆಚ್ಚು ಸಮಯ ಬೇಡಿದ ಭಾಗ ಇದು, ಹೆಚ್ಚು ಫಲ ಕೊಟ್ಟದ್ದೂ ಇದೇ. ಬರಿಯ ಫ್ಲ್ಯಾಶ್ ಬಳಸಿದರೆ ಮೂರು ಕೆಡುಕುಗಳು ಒಟ್ಟಿಗೆ ಬರುತ್ತವೆ: ಕಣ್ಣಿನಲ್ಲಿ ಸಣ್ಣದೊಂದು ಉರಿಯುವ ಬಿಳಿ ಚುಕ್ಕೆ, ಬೆನ್ನಿನ ಮೇಲಿನ ಪ್ರತಿಯೊಂದು ಸಣ್ಣ ಗುಬುಟಿನ ಹಿಂದೆ ಚೂಪಾದ ನೆರಳು, ಕತ್ತಲಿಗೆ ಹೊಂದಿಕೊಂಡ ಕಣ್ಣಿಗೆ ನೇರ ಹೊಡೆತ. ಗೆಕ್ಕೊಗಳ ಕಣ್ಣು ಎಷ್ಟು ಸೂಕ್ಷ್ಮ ಎಂಬುದಕ್ಕೆ ಲೀನಾ ರೋತ್ ಮತ್ತು ಅಲ್ಮುತ್ ಕೆಲ್ಬರ್ 2004ರಲ್ಲಿ ಪ್ರಕಟಿಸಿದ ಪ್ರಯೋಗ ಸಾಕ್ಷಿ. ಮನುಷ್ಯರಿಗೆ ಬಣ್ಣವೇ ಕಾಣದಷ್ಟು ಮಂದವಾದ, ಕ್ಷೀಣ ಬೆಳದಿಂಗಳಿಗೆ ಸಮನಾದ ಬೆಳಕಿನಲ್ಲಿ ಹೆಲ್ಮೆಟ್ ಗೆಕ್ಕೊ ಎಂಬ ಜಾತಿಯು ನೀಲಿಯನ್ನು ಬೂದು ಬಣ್ಣದಿಂದ ಬೇರ್ಪಡಿಸಿ ಗುರುತಿಸಿತು. ಅದರ ಕಣ್ಣಿನ ಸಂವೇದನೆ ಮನುಷ್ಯನ ಬಣ್ಣದ ದೃಷ್ಟಿಯ ಮಿತಿಗಿಂತ ಸುಮಾರು 350 ಪಟ್ಟು ಹೆಚ್ಚು ಎಂಬುದು ಅವರ ಲೆಕ್ಕ. ಇಂಥ ಕಣ್ಣಿನ ಮುಂದೆ ಬರಿಯ ಫ್ಲ್ಯಾಶ್ ಹಿಡಿಯಲು ನನಗೆ ಮನಸ್ಸಿಲ್ಲ. ಕಪ್ಪು ವರ್ಣದ್ರವ್ಯವಿಲ್ಲದ ಆಲ್ಬಿನೊ ತಳಿಯ ಲೆಪರ್ಡ್ ಗೆಕ್ಕೊಗಳು ಬೆಳಕಿಗೆ ಇನ್ನೂ ಹೆಚ್ಚು ನೊಂದುಕೊಳ್ಳುತ್ತವಾದ್ದರಿಂದ ಅವುಗಳಿಗೆ ಫ್ಲ್ಯಾಶನ್ನೇ ಬಿಟ್ಟು, ಪರದೆ ಹಾಕಿದ ಕಿಟಕಿಯ ಬೆಳಕು ಬಳಸುವುದು ಒಳ್ಳೆಯದು.

ಚೌಕಟ್ಟು ರೀಪರ್ ಪಟ್ಟಿಗಳಿಂದ ಮಾಡಿದ 50 ಸೆಂಟಿಮೀಟರ್ ಉದ್ದ, 40 ಸೆಂಟಿಮೀಟರ್ ಅಗಲ, 20 ಸೆಂಟಿಮೀಟರ್ ಆಳದ ತಳವಿಲ್ಲದ ಡಬ್ಬ. ಒಳಗೋಡೆಗಳಿಗೆ ಬಿಳಿ ರಟ್ಟು ಹೊದಿಸಿದೆ. ಮೇಲ್ಭಾಗದ ನಡುವೆ ಫ್ಲ್ಯಾಶ್ ಕೆಳಮುಖವಾಗಿ ಕೂರುತ್ತದೆ. ಅದರಿಂದ 10 ಸೆಂಟಿಮೀಟರ್ ಕೆಳಗೆ ಬಟರ್ ಪೇಪರಿನ ಒಂದು ಪದರ, ಮತ್ತೆ 10 ಸೆಂಟಿಮೀಟರ್ ಕೆಳಗೆ, ಅಂದರೆ ಡಬ್ಬದ ಬಾಯಿಗೆ, ಬಿಗಿಯಾಗಿ ಎಳೆದು ಪಿನ್ ಹೊಡೆದ ಬಿಳಿ ಪಾಲಿಯೆಸ್ಟರ್ ಬಟ್ಟೆ. ಒಂದೇ ಪದರವಿದ್ದರೆ ನಡುವೆ ಪ್ರಖರವಾಗಿ ಅಂಚಿನಲ್ಲಿ ಮಂಕಾಗುತ್ತದೆ, ಆ ಪ್ರಖರ ಮಧ್ಯವೇ ಗೆಕ್ಕೊದ ಕಣ್ಣಿನಲ್ಲಿ ಪ್ರತಿಬಿಂಬಿಸುತ್ತದೆ. ಎರಡು ಪದರಗಳ ನಡುವೆ ಅಂತರವಿದ್ದರೆ ಮೊದಲನೆಯದು ಹರಡಿದ ಬೆಳಕು ಎರಡನೆಯದರ ಮೇಲೆ ಪೂರ್ತಿ ತುಂಬಿಕೊಳ್ಳುತ್ತದೆ. ಇದು ಸರಿಯಾಗಿದೆಯೇ ಎಂದು ತಿಳಿಯಲು ಪ್ರಾಣಿ ಬೇಕಿಲ್ಲ. ವೇದಿಕೆಯ ಮೇಲೆ ಕಪ್ಪು ಗಾಜಿನ ಗೋಲಿಯೊಂದನ್ನಿಟ್ಟು ಚಿತ್ರ ತೆಗೆದು ದೊಡ್ಡದು ಮಾಡಿ ನೋಡಿದರೆ ಸಾಕು. ಗೋಲಿಯಲ್ಲಿ ಕಾಣುವ ಚೌಕಾಕಾರದ ಬಿಳುಪು ಅಂಚಿನವರೆಗೂ ಒಂದೇ ಸಮನಾಗಿದ್ದರೆ ಚೌಕಟ್ಟು ಸಿದ್ಧವೆಂದು ಅರ್ಥ. ಬಟರ್ ಪೇಪರನ್ನು ಬಿಳಿಯ ಬಣ್ಣದ್ದೇ ಆರಿಸಬೇಕು. ಕಂದು ಬಣ್ಣದ ಅಡುಗೆ ಕಾಗದ ಹಳದಿ ಛಾಯೆ ಸೇರಿಸುತ್ತದೆ, ಹಳದಿ ಮೈಯ ಪ್ರಾಣಿಯಲ್ಲಿ ಆ ಛಾಯೆಯನ್ನು ಆಮೇಲೆ ಬಿಡಿಸುವುದು ಕಷ್ಟ.

ಪ್ಲೈವುಡ್ ಅಡಿಗೆ ಭದ್ರವಾಗಿ ಸ್ಕ್ರೂ ಹಾಕಿದ ಎರಡು ಕಂಬಗಳ ನಡುವೆ ಈ ಡಬ್ಬ ತೂಗುತ್ತದೆ. ಕೈಯಿಂದಲೇ ತಿರುಗಿಸಿ ಬಿಗಿಯಬಹುದಾದ ನಟ್ಟುಗಳಿರುವುದರಿಂದ ಅದನ್ನು ಬೇಕಾದ ಕೋನಕ್ಕೆ ವಾಲಿಸಬಹುದು. ಬಟ್ಟೆಯಿಂದ ಪ್ರಾಣಿಗೆ ಸುಮಾರು 25 ಸೆಂಟಿಮೀಟರ್ ಅಂತರವಿರುವಂತೆ ಇಟ್ಟಿದ್ದೇನೆ. ಬೆಳಕಿನ ಮೂಲದ ಅಗಲವು ಅದರ ದೂರಕ್ಕಿಂತ ದೊಡ್ಡದಾಗಿರುವುದರಿಂದ ನೆರಳುಗಳು ಬಹಳ ಮೃದುವಾಗುತ್ತವೆ. ಹಾಗೆಂದು ನೆತ್ತಿಯ ಮೇಲೆ ನೇರವಾಗಿ ಇಟ್ಟರೆ ಮೈಯ ಉಬ್ಬುತಗ್ಗು ಕಾಣದೆ ಚಪ್ಪಟೆಯಾಗುತ್ತದೆ. ಡಬ್ಬವನ್ನು ಪ್ರಾಣಿಯ ಸ್ವಲ್ಪ ಹಿಂದಕ್ಕೆ ಸರಿಸಿ, ಮುಂದಕ್ಕೆ ಸುಮಾರು 30 ಡಿಗ್ರಿ ವಾಲಿಸಿದಾಗ ಬೆಳಕು ಚರ್ಮವನ್ನು ಸವರಿಕೊಂಡು ಹೋಗಿ ಲೆಪರ್ಡ್ ಗೆಕ್ಕೊದ ಗುಬುಟುಗಳೂ ಕ್ರೆಸ್ಟೆಡ್ ಗೆಕ್ಕೊದ ಕಣ್ಣಿನ ಮೇಲಿನ ಮುಳ್ಳುಸಾಲೂ ಒಂದೊಂದಾಗಿ ಎದ್ದು ನಿಲ್ಲುತ್ತವೆ. ಆಗ ಗದ್ದದ ಕೆಳಗೆ ಕತ್ತಲಾಗುವುದರಿಂದ ಲೆನ್ಸಿನ ಕೆಳಭಾಗದಲ್ಲಿ ಅಂಗೈ ಅಗಲದ ಬಿಳಿ ರಟ್ಟೊಂದನ್ನು ಮಲಗಿಸಿಡಬೇಕು.

ಮಂದ ದೀಪ ಮತ್ತು ಕಪ್ಪು ಚಿತ್ರದ ಪರೀಕ್ಷೆ

ಈಗ ಪಾಪೆಯ ವಿಷಯಕ್ಕೆ ಬರುತ್ತೇನೆ. ಫ್ಲ್ಯಾಶ್ ಮಿಂಚುವ ಅವಧಿ ಅತ್ಯಲ್ಪ. ಕೈಫ್ಲ್ಯಾಶುಗಳಲ್ಲಿ ಶಕ್ತಿಯನ್ನು 1/8ಕ್ಕೋ 1/16ಕ್ಕೋ ಇಳಿಸಿದಾಗ ಅದು ಸುಮಾರು 1/5000 ಸೆಕೆಂಡಿಗೆ ಅಥವಾ ಅದಕ್ಕೂ ಕಡಿಮೆಗೆ ಬರುತ್ತದೆ. ಅಷ್ಟರಲ್ಲಿ ಪಾಪೆ ಮುಚ್ಚಿಕೊಳ್ಳಲು ಸಮಯವೇ ಇರುವುದಿಲ್ಲ. ಅಂದರೆ ಚಿತ್ರದಲ್ಲಿ ದಾಖಲಾಗುವುದು ಫ್ಲ್ಯಾಶಿಗೆ ಮೊದಲಿದ್ದ ಪಾಪೆಯ ಗಾತ್ರ, ಆ ಗಾತ್ರವನ್ನು ತೀರ್ಮಾನಿಸುವುದು ಕೋಣೆಯಲ್ಲಿ ಉರಿಯುತ್ತಿರುವ ಮಂದ ದೀಪ. ಮಸುಕು ಮಾಡಬಹುದಾದ ಒಂದು ಸಣ್ಣ ಎಲ್‌ಇಡಿ ದೀಪವನ್ನು ಪೆಟ್ಟಿಗೆಯ ಪಕ್ಕದಲ್ಲಿಟ್ಟಿದ್ದೇನೆ. ಪಾಪೆ ಅಗಲವಾಗಿ ಬೇಕಾದರೆ ಫೋಕಸ್ ಮಾಡಲು ಸಾಕಾಗುವಷ್ಟೇ ಬೆಳಕು ಉಳಿಸಿ ಕೆಲವು ನಿಮಿಷ ಕಾಯುತ್ತೇನೆ. ಗೀರುಪಾಪೆ ಬೇಕಾದರೆ ದೀಪವನ್ನು ನಿಧಾನವಾಗಿ ಏರಿಸುತ್ತೇನೆ. ಕ್ರೆಸ್ಟೆಡ್ ಗೆಕ್ಕೊದ ಪಾಪೆಯ ಅಂಚು ನೇರವಾಗಿರದೆ ಅಲೆಯಲೆಯಾಗಿದೆ; ಅದು ಅರ್ಧ ಮುಚ್ಚಿದ ಘಳಿಗೆಯಲ್ಲಿ ಆ ಅಲೆಗಳು ಅತ್ಯಂತ ಸ್ಪಷ್ಟವಾಗಿ ಕಾಣುತ್ತವೆ. ನನ್ನ ಮಟ್ಟಿಗೆ ಈ ಪ್ರಾಣಿಯ ಅತ್ಯುತ್ತಮ ಚಿತ್ರ ಸಿಗುವುದು ಆ ನಡುವಿನ ಸ್ಥಿತಿಯಲ್ಲೇ.

ಮಂದ ದೀಪದ ಬೆಳಕು ಚಿತ್ರದೊಳಗೆ ಸೇರಬಾರದು. ಸೇರಿದರೆ ಒಂದು ಕಡೆ ಹಳದಿ ಛಾಯೆ ಬರುತ್ತದೆ, ಪ್ರಾಣಿ ಅಲುಗಿದಾಗ ಮಬ್ಬು ನೆರಳೂ ಮೂಡುತ್ತದೆ. ಇದನ್ನು ತಪ್ಪಿಸಲು ಎಲ್ಲ ಹೊಂದಿಕೆಗಳನ್ನೂ ಮಾಡಿಕೊಂಡು ಫ್ಲ್ಯಾಶನ್ನು ಮಾತ್ರ ಬಂದ್ ಮಾಡಿ ಒಂದು ಚಿತ್ರ ತೆಗೆಯಬೇಕು. ಅದು ಪೂರ್ತಿ ಕಪ್ಪಾಗಿ ಬಂದರೆ ಚಿತ್ರದ ಬೆಳಕೆಲ್ಲ ಫ್ಲ್ಯಾಶಿನದೇ ಎಂದು ಖಚಿತವಾಗುತ್ತದೆ. ನನ್ನ ಹೊಂದಿಕೆ ಹೀಗಿದೆ: ಸಂವೇದಕದ ಸೂಕ್ಷ್ಮತೆ ಐಎಸ್‌ಒ 200, ಲೆನ್ಸಿನ ತೆರಪು ಎಫ್/11, 1/160 ಸೆಕೆಂಡ್, ಫ್ಲ್ಯಾಶ್ ಮ್ಯಾನುಯಲ್‌ನಲ್ಲಿ 1/16. ತಲೆಯನ್ನಷ್ಟೇ ಹತ್ತಿರದಿಂದ ತೆಗೆಯುವಾಗ 1/8. ಹತ್ತಿರ ಹೋದಂತೆ ಲೆನ್ಸ್ ಮುಂದಕ್ಕೆ ಚಾಚಿ ಬೆಳಕು ಕಳೆದುಕೊಳ್ಳುತ್ತದೆ, ಅದನ್ನು ತುಂಬಿಕೊಡಲು ಈ ಏರಿಕೆ. ಫ್ಲ್ಯಾಶನ್ನು ತಾನೇ ಅಳೆದುಕೊಳ್ಳಲು ಬಿಟ್ಟರೆ ಅನೇಕ ಕ್ಯಾಮೆರಾಗಳು ಚಿತ್ರಕ್ಕೆ ಮುಂಚೆ ಒಂದು ಪರೀಕ್ಷಾ ಮಿಂಚನ್ನು ಬಿಡುತ್ತವೆ; ಗೆಕ್ಕೊ ಆ ಮಿಂಚಿಗೇ ಕಣ್ಣು ಕಿರಿದು ಮಾಡಬಹುದು. ಮ್ಯಾನುಯಲ್ ಬಳಸಲು ಇದೊಂದೇ ಕಾರಣ ಸಾಕು.

ಫೋಕಸ್ ಎಷ್ಟು ಆಳ

ಎಪಿಎಸ್-ಸಿ ಎಂಬ ಮಧ್ಯಮ ಗಾತ್ರದ ಸಂವೇದಕವಿರುವ ಕ್ಯಾಮೆರಾ ಮತ್ತು ತೀರ ಹತ್ತಿರದ ಚಿತ್ರಗಳಿಗೆ ಬಳಸುವ 100 ಮಿಲಿಮೀಟರಿನ ಮ್ಯಾಕ್ರೊ ಲೆನ್ಸ್ ನನ್ನಲ್ಲಿವೆ. ಇಡೀ ಪ್ರಾಣಿ ಚಿತ್ರದ ಚೌಕಟ್ಟಿನಲ್ಲಿ ತುಂಬುವಂತೆ, ಅಂದರೆ ನಿಜಗಾತ್ರದ ಹತ್ತನೇ ಒಂದರಷ್ಟು ವರ್ಧನೆಯಲ್ಲಿ, ಎಫ್/11ಕ್ಕೆ ಸ್ಪಷ್ಟತೆಯ ಆಳ ಸುಮಾರು 48 ಮಿಲಿಮೀಟರ್. ತಲೆಯಿಂದ ಬಾಲದವರೆಗೆ ಪ್ರಾಣಿ ಕ್ಯಾಮೆರಾಕ್ಕೆ ಅಡ್ಡಲಾಗಿದ್ದರೆ ಇಷ್ಟು ಧಾರಾಳ. ತಲೆಯನ್ನು ಅರ್ಧ ನಿಜಗಾತ್ರಕ್ಕೆ ತಂದಾಗ ಇದೇ ಆಳ 2.6 ಮಿಲಿಮೀಟರಿಗೆ ಕುಸಿಯುತ್ತದೆ. ಎಫ್/22ಕ್ಕೆ ಕಿರಿದು ಮಾಡಿ ಇದನ್ನು ಹೆಚ್ಚಿಸಲು ಹೋದರೆ ಕಿರಿದಾದ ರಂಧ್ರದಲ್ಲಿ ಬೆಳಕು ಬಾಗಿ ಹರಡುವ ವಿವರ್ತನೆಯಿಂದ ಇಡೀ ಚಿತ್ರದ ಚೂಪುತನ ಹಾಳಾಗುತ್ತದೆ. ಹಲವು ಚಿತ್ರ ತೆಗೆದು ಒಟ್ಟುಗೂಡಿಸುವ ತಂತ್ರ ಉಸಿರಾಡುವ ಪ್ರಾಣಿಗೆ ಹೊಂದುವುದಿಲ್ಲ. ಆದ್ದರಿಂದ ಕ್ಯಾಮೆರಾವನ್ನು ಪ್ರಾಣಿಯ ಕಣ್ಣಿನ ಮಟ್ಟಕ್ಕೆ ಇಳಿಸಿ, ಕಣ್ಣು, ಕಿವಿಯ ರಂಧ್ರ ಮತ್ತು ಮೂತಿಯ ತುದಿ ಸಾಧ್ಯವಾದಷ್ಟು ಒಂದೇ ಸಮತಲದಲ್ಲಿ ಬರುವಂತೆ ಕೋನ ಆರಿಸುವುದೊಂದೇ ಪ್ರಾಮಾಣಿಕ ಮಾರ್ಗ. ಮೂರೂ ಸಿಗದಿದ್ದರೆ ಕಣ್ಣನ್ನು ಉಳಿಸಿಕೊಂಡು ಉಳಿದದ್ದನ್ನು ಬಿಡಬೇಕು.

ಪ್ರಾಣಿಯನ್ನು ವೇದಿಕೆಗೆ ತರುವ ಕ್ರಮ

ಲೆಪರ್ಡ್ ಗೆಕ್ಕೊವನ್ನು ಹಿಡಿದೆತ್ತಿ ತಂದು ಅಪರಿಚಿತ ಜಾಗದಲ್ಲಿ ಇಳಿಸುವುದನ್ನು ತಪ್ಪಿಸಬಹುದು. ಚಿತ್ರದಲ್ಲಿ ಬಳಸಬೇಕೆಂದಿರುವ ಕಾರ್ಕ್ ತೊಗಟೆಯ ತುಂಡನ್ನು ಕೆಲವು ದಿನ ಮುಂಚೆಯೇ ಅದರ ಗೂಡಿನಲ್ಲಿಡುತ್ತೇನೆ. ಅದು ಮೂಸಿ, ನೆಕ್ಕಿ, ತನ್ನದೆಂದು ಒಪ್ಪಿಕೊಂಡು ಅದರ ಮೇಲೆ ಓಡಾಡತೊಡಗುತ್ತದೆ. ಸಂಜೆ ಅದು ತೊಗಟೆಯ ಮೇಲೆ ಹತ್ತಿದ ಹೊತ್ತಿಗೆ ತೊಗಟೆಯ ಸಮೇತ ಎತ್ತಿ ಬೆಚ್ಚನೆಯ ಸ್ಲೇಟಿನ ಮೇಲಿಟ್ಟರೆ, ಅನೇಕ ಸಲ ಅದಕ್ಕೆ ಜಾಗ ಬದಲಾದ ಪರಿವೆಯೂ ಇದ್ದಂತೆ ತೋರುವುದಿಲ್ಲ. ಬಾಲವನ್ನು ಎಂದೂ ಮುಟ್ಟಬಾರದು. ಲೆಪರ್ಡ್ ಗೆಕ್ಕೊ ಕೊಬ್ಬನ್ನು ಬಾಲದಲ್ಲಿ ಕೂಡಿಡುತ್ತದೆ. ಬಾಲ ಉದುರಿದರೆ ಮತ್ತೆ ಬೆಳೆಯುತ್ತದಾದರೂ ಮೊದಲಿನ ರೂಪ ಬರುವುದಿಲ್ಲ. ಕ್ರೆಸ್ಟೆಡ್ ಗೆಕ್ಕೊಗಂತೂ ಒಮ್ಮೆ ಹೋದ ಬಾಲ ಮತ್ತೆ ಬೆಳೆಯುವುದೇ ಇಲ್ಲ.

ಮೈ ಬೆಳ್ಳಗೆ ಮಂಕಾಗಿದ್ದರೆ ಪೊರೆ ಕಳಚುವ ಸಮಯ ಸಮೀಪಿಸಿದೆ ಎಂದು ತಿಳಿದು ಮುಂದೂಡಬೇಕು. ಆಹಾರ ತಿಂದ ಮರುದಿನವೂ ಬೇಡ. ವೇದಿಕೆಯ ಮೇಲಿರುವಾಗ ಲೆಪರ್ಡ್ ಗೆಕ್ಕೊ ಬಾಲವನ್ನು ಮೇಲೆತ್ತಿ ನಿಧಾನವಾಗಿ ಆಡಿಸಿದರೆ, ಬಾಯಿ ತೆರೆದು ಸದ್ದು ಮಾಡಿದರೆ ಅಥವಾ ಮೂಲೆಗೆ ತಲೆ ಒತ್ತಿದರೆ ಆ ಸಂಜೆಯ ಕೆಲಸ ಅಲ್ಲಿಗೆ ಮುಗಿಯಿತು. ಎಲ್ಲ ಸರಿಯಿದ್ದರೂ ಹತ್ತು ನಿಮಿಷದ ಮೇಲೆ ಇರಿಸಿಕೊಳ್ಳುವುದಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸಿನ 2006ರ ಪ್ರಾಣಿ ಕಲ್ಯಾಣ ಕಾಯ್ದೆ ಸಾಕುವವರ ಮೇಲೆ ಪ್ರಾಣಿಯ ಅಗತ್ಯಗಳನ್ನು ನೋಡಿಕೊಳ್ಳುವ ಹೊಣೆ ಹೊರಿಸುತ್ತದೆ. ಆದರೆ ಕಾಯ್ದೆಯಿಲ್ಲದಿದ್ದರೂ ನಮ್ಮನ್ನೇ ನಂಬಿ ಬದುಕುವ ಜೀವಿಗೆ ಇಷ್ಟು ಸಲ್ಲಲೇಬೇಕು.

ಲಂಬವಾದ ರಂಗ ಮತ್ತು ಗಾಜಿನ ಫಲಕ

ಕ್ರೆಸ್ಟೆಡ್ ಗೆಕ್ಕೊಗಾಗಿ ಸ್ಲೇಟನ್ನು ತೆಗೆದು, ಪ್ಲೈವುಡ್ಡಿನಲ್ಲಿ ಮೊದಲೇ ಕೊರೆದಿಟ್ಟ ರಂಧ್ರಗಳಿಗೆ ಬೆರಳುಗಾತ್ರದ ಕೊಂಬೆಗಳನ್ನು ಓರೆಯಾಗಿ ನಿಲ್ಲಿಸುತ್ತೇನೆ. ಇದು ಹಗಲಿನಲ್ಲಿ ಬಣ್ಣ ಮಂಕಾಗಿ, ರಾತ್ರಿ ಚುರುಕಾದಾಗ ಬಣ್ಣ ಗಾಢವಾಗಿ ತೋರುವ ಪ್ರಾಣಿ. ಒಂದೇ ಗೆಕ್ಕೊ ಬೇರೆ ಬೇರೆ ಹೊತ್ತಿನಲ್ಲಿ ಬೇರೆ ಪ್ರಾಣಿಯಂತೆ ಕಾಣುತ್ತದೆ. ಆದ್ದರಿಂದ ಕತ್ತಲಾಗಿ ಒಂದೆರಡು ಗಂಟೆ ಕಳೆದ ಮೇಲೆ ಕೆಲಸ ಆರಂಭಿಸುವುದು ಸೂಕ್ತ. ಜಿಗಿಯುವ ಸ್ವಭಾವದ್ದಾದ್ದರಿಂದ ಪಕ್ಕದಲ್ಲಿ ಇನ್ನೊಬ್ಬರಿರಲೇಬೇಕು, ಕೋಣೆಯ ಬಾಗಿಲು ಮುಚ್ಚಿರಬೇಕು, ಮೇಜಿನ ಸುತ್ತ ನೆಲಕ್ಕೆ ದಪ್ಪ ಹೊದಿಕೆ ಹಾಸಿರಬೇಕು.

ಪಾದದ ಅಡಿಭಾಗ ತೋರಿಸುವ ಚಿತ್ರಕ್ಕೆ ಗಾಜಿನ ಫಲಕ ಬೇಕು. ಬೆರಳಿನ ಅಡಿಯ ಪದರ ಪದರವಾದ ಪಟ್ಟಿಗಳ ಮೇಲೆ ಕವಲೊಡೆದ ಅತಿಸೂಕ್ಷ್ಮ ರೋಮಗಳಿವೆ. ಅವು ಮೇಲ್ಮೈಗೆ ಅಂಟುವುದು ಅಣುಗಳ ನಡುವಿನ ವಾನ್ ಡರ್ ವಾಲ್ಸ್ ಆಕರ್ಷಣೆಯಿಂದ ಎಂಬುದಕ್ಕೆ ಕೆಲ್ಲರ್ ಆಟಮ್ ಮತ್ತು ಸಂಗಡಿಗರು 2002ರಲ್ಲಿ ಪುರಾವೆ ಒದಗಿಸಿದರು. ರೋಮಗಳು ನನ್ನ ಲೆನ್ಸಿಗೆ ಸಿಗುವುದಿಲ್ಲ, ಆದರೆ ಪಟ್ಟಿಗಳ ಸಾಲು ಸ್ಪಷ್ಟವಾಗಿ ಸಿಗುತ್ತದೆ. ಅಂಚು ಉಜ್ಜಿದ ಗಾಜನ್ನು ಪೆಟ್ಟಿಗೆಯ ಬಾಯಿಗೆ ಲಂಬವಾಗಿ ನಿಲ್ಲಿಸಿ, ಗೆಕ್ಕೊ ಒಳಗಿನಿಂದ ಅದನ್ನೇರಿದಾಗ ಹೊರಗಿನಿಂದ ಚಿತ್ರ ತೆಗೆಯಬೇಕು. ಬೆಳಕಿನ ಡಬ್ಬವನ್ನು ಗಾಜಿನ ಈಚೆಗೆ, ಒಂದು ಬದಿಯಲ್ಲಿ 45 ಡಿಗ್ರಿ ಕೋನಕ್ಕಿಟ್ಟರೆ ಅದರ ಪ್ರತಿಫಲನ ಲೆನ್ಸಿಗೆ ಮರಳದೆ ಇನ್ನೊಂದು ಬದಿಗೆ ಹೋಗುತ್ತದೆ. ಕ್ಯಾಮೆರಾದ ಮತ್ತು ನಮ್ಮ ಮುಖದ ಪ್ರತಿಬಿಂಬ ತಡೆಯಲು, ಲೆನ್ಸಿನಷ್ಟೇ ರಂಧ್ರ ಕತ್ತರಿಸಿದ ಕಪ್ಪು ಬಟ್ಟೆಯನ್ನು ಲೆನ್ಸಿನ ಸುತ್ತ ತೂಗುಬಿಡಬೇಕು. ಗಾಜನ್ನು ಬೆಚ್ಚನೆಯ ನೀರಿನಿಂದ ಮಾತ್ರ ತೊಳೆದು ನೂಲು ಬಿಡದ ಬಟ್ಟೆಯಿಂದ ಒರೆಸಬೇಕು. ರಾಸಾಯನಿಕ ದ್ರವ ಬಳಸಿದರೆ ಅದು ನೇರ ಪಾದಕ್ಕೂ, ಆಮೇಲೆ ನಾಲಿಗೆಗೂ ತಲಪುತ್ತದೆ.

ಕರ್ನಾಟಕದಲ್ಲಿರುವ ಓದುಗರು ಗೆಕ್ಕೊ ಸಾಕದೆಯೇ ಈ ಚೌಕಟ್ಟಿನ ಉಪಯೋಗ ಪಡೆಯಬಹುದು. ಮನೆಯ ಗೋಡೆಯ ಹಲ್ಲಿಗೂ ಇಂಥದೇ ಲಂಬ ಪಾಪೆ, ಮುಚ್ಚದ ಕಣ್ಣು, ಅಂಟುಪಟ್ಟಿಯ ಬೆರಳುಗಳಿವೆ. ಅದನ್ನು ಹಿಡಿಯುವ ಅಗತ್ಯವಿಲ್ಲ. ಜಗುಲಿಯ ದೀಪದ ಬಳಿ ಹುಳುವಿಗಾಗಿ ಕಾಯುವ ಹಲ್ಲಿ ಒಂದೇ ಜಾಗದಲ್ಲಿ ಬಹಳ ಹೊತ್ತು ನಿಲ್ಲುತ್ತದೆ. ಮೇಲೆ ಹೇಳಿದ ಡಬ್ಬವನ್ನು ಅರ್ಧ ಅಳತೆಗೆ ರಟ್ಟಿನಲ್ಲೇ ಮಾಡಿ, ಎಡಗೈಯಲ್ಲಿ ಹಿಡಿದು ಗೋಡೆಯ ಪಕ್ಕದಿಂದ ಬೆಳಕು ಸವರಿಸಿದರೆ, ಸುಣ್ಣದ ಗೋಡೆಯೇ ಇನ್ನೊಂದು ಬದಿಯಿಂದ ನೆರಳಿಗೆ ಬೆಳಕು ತುಂಬಿಕೊಡುತ್ತದೆ.

ಶುಚಿತ್ವದ ವಿಷಯ ಚಿತ್ರದಷ್ಟೇ ಮುಖ್ಯ. ಆರೋಗ್ಯವಾಗಿರುವ ಸರೀಸೃಪಗಳ ಮೈಮೇಲೂ ಸಾಲ್ಮೊನೆಲ್ಲ ಬ್ಯಾಕ್ಟೀರಿಯಾ ಇರಬಹುದಾದ್ದರಿಂದ ವೇದಿಕೆಯನ್ನು ಅಡುಗೆಮನೆಯಲ್ಲಿ ಹೂಡಬಾರದು, ಕೆಲಸದ ನಂತರ ಸೋಪಿನಿಂದ ಕೈ ತೊಳೆದೇ ಕ್ಯಾಮೆರಾ ಮುಟ್ಟಬೇಕು. ಕ್ರಿಪ್ಟೊಸ್ಪೊರಿಡಿಯಂ ಎಂಬ ಕರುಳಿನ ಪರೋಪಜೀವಿ ಲೆಪರ್ಡ್ ಗೆಕ್ಕೊಗಳನ್ನು ಸೊರಗಿಸಿ ಕೊಲ್ಲಬಲ್ಲದು. ಅದು ಮಲದಿಂದ ಮಲಿನವಾದ ವಸ್ತುಗಳ ಮೂಲಕವೇ ಹರಡುತ್ತದೆ. ಆದ್ದರಿಂದ ಪ್ರತಿ ಪ್ರಾಣಿಗೂ ಅದರದೇ ತೊಗಟೆ, ಅದರದೇ ಕೊಂಬೆ. ನಾನು ತೊಗಟೆಗಳ ಹಿಂಭಾಗದಲ್ಲಿ ಗುರುತು ಕೆತ್ತಿ, ಬಳಕೆಯ ನಂತರ ಆಯಾ ಪ್ರಾಣಿಯ ಗೂಡಿಗೇ ಮರಳಿಸುತ್ತೇನೆ. ಸ್ಲೇಟನ್ನು ಮಾತ್ರ ಕುದಿಯುವ ನೀರು ಸುರಿದು ತಿಕ್ಕಿ ತೊಳೆದು, ಚೆನ್ನಾಗಿ ಒಣಗಿಸಿ, ಮುಂದಿನ ಸಲಕ್ಕೆ ಹೀಟ್ ಮ್ಯಾಟಿನ ಪಕ್ಕದಲ್ಲಿ ಇಡುತ್ತೇನೆ.